ಫ್ಲೋರಿನ್ ಇಲ್ಲದೆ ಬಿಸಿ ಎಣ್ಣೆ ತಡೆಯುವ ಕಬ್ಬಿನ ನಾರಿನ ತಟ್ಟೆ: ನಾವು ಮಾಡಿದ ಬಗೆ

ಕಬ್ಬಿನ ನಾರಿನ ತಟ್ಟೆಯಲ್ಲಿ ನೀರು ನಿಲ್ಲಿಸುವುದು ದೊಡ್ಡ ಮಾತಲ್ಲ, ನಾರು ನೀರು ಹೀರದಂತೆ ಮಾಡುವ ಎಕೆಡಿ ಎಂಬ ರಾಸಾಯನಿಕ ಸರಿಯಾಗಿ ಬಿದ್ದರೆ ನಿಲ್ಲುತ್ತದೆ. ತಕರಾರೆಲ್ಲ ಬಿಸಿ ಎಣ್ಣೆಯದು. ಎಣ್ಣೆ ತಡೆಯಲು ಹಾಕುವ ಫ್ಲೋರಿನ್ ರಾಸಾಯನಿಕ ಕೈಬಿಟ್ಟರೆ ಮೇಲೆ ಪ್ಲಾಸ್ಟಿಕ್ ಪದರ ಅಂಟಿಸಲೇಬೇಕು, ಬರೀ ನಾರಿನಿಂದ ಆಗದ ಕೆಲಸ ಎಂದು ಅಚ್ಚು ಮಾಡುವವರೂ ರಾಸಾಯನಿಕ ಮಾರುವವರೂ ಒಂದೇ ಮಾತು ಹೇಳುತ್ತಿದ್ದರು. ಈಗ ನಮ್ಮ ತಟ್ಟೆಯಲ್ಲಿ 90 ಡಿಗ್ರಿಯ ಎಣ್ಣೆ ಅರ್ಧ ಗಂಟೆ ನಿಂತರೂ ತಳದಲ್ಲಿ ಕಲೆ ಮೂಡುವುದಿಲ್ಲ. ಇದರಲ್ಲಿ ಫ್ಲೋರಿನ್ನೂ ಇಲ್ಲ, ಅಂಟಿಸಿದ ಪದರವೂ ಇಲ್ಲ.

ಫ್ಲೋರಿನ್ ಹೇಗೂ ಬಿಡಬೇಕಾದದ್ದೇ. ಗೊಬ್ಬರವಾಗುವ ಪ್ಯಾಕಿಂಗ್‌ಗೆ ಇರುವ ಯುರೋಪಿನ ಮಾನದಂಡ ಇಎನ್ 13432 ಪ್ರಕಾರ ಅದು ಕೆಜಿಗೆ 100 ಮಿಲಿಗ್ರಾಂ ದಾಟುವಂತಿಲ್ಲ. ಆಹಾರಕ್ಕೆ ತಾಗುವ ಕಾಗದ, ರಟ್ಟಿನಲ್ಲಿ ಪಿಎಫ್‌ಎಎಸ್ (ಇದೇ ಫ್ಲೋರಿನ್ ರಾಸಾಯನಿಕಗಳ ಗುಂಪು) ಬಳಕೆಯನ್ನು ಡೆನ್ಮಾರ್ಕ್ 2020ರಲ್ಲೇ ನಿಷೇಧಿಸಿತು. ತಟ್ಟೆ ಕೊಳೆತ ಮೇಲೂ ಮಣ್ಣಿನಲ್ಲಿ ಕರಗದೆ ಉಳಿಯುವ ವಸ್ತುವನ್ನು ಸೇರಿಸಿ ಅದನ್ನು ಗೊಬ್ಬರವಾಗುವ ತಟ್ಟೆ ಎಂದು ಮಾರಲು ನಮಗಂತೂ ಮನಸ್ಸಿಲ್ಲ.

ವಿಧಾನದ ತಿರುಳು ಎರಡು ತೊಟ್ಟಿ. ಮೊದಲನೆಯದರಲ್ಲಿ ಮಾಮೂಲಿ ಪಲ್ಪ್, ಅಂದರೆ ನೀರಿನಲ್ಲಿ ಕಲಸಿದ ನಾರು: 80 ಪಾಲು ಕಬ್ಬು, 20 ಪಾಲು ಬಿದಿರು, ಎಸ್‌ಆರ್ 22ರಿಂದ 24. ಎಸ್‌ಆರ್ ಎಂದರೆ ಪಲ್ಪ್‌ನಿಂದ ನೀರು ಎಷ್ಟು ನಿಧಾನ ಬಸಿಯುತ್ತದೆ ಎಂಬ ಅಳತೆ, ನಾರು ನುಣ್ಣಗಾದಷ್ಟೂ ಏರುತ್ತದೆ. ಎರಡನೆಯದರಲ್ಲಿ ಅದೇ ಕಬ್ಬಿನ ಪಲ್ಪನ್ನು ಶೇ. 4ರ ಆಸುಪಾಸಿನ ಸಾಂದ್ರತೆಯಲ್ಲಿ ನಾರು ಅರೆಯುವ ಯಂತ್ರವಾದ ರಿಫೈನರ್‌ಗೆ ಮತ್ತೆ ಮತ್ತೆ ಬಿಟ್ಟು ಎಸ್‌ಆರ್ 75 ದಾಟಿಸಿದ ನುಣ್ಣನೆಯ ಗಂಜಿ. ಇದನ್ನು ಶೇ. 1ಕ್ಕೆ ತೆಳು ಮಾಡಿ, ಜಾಲರಿಯ ಮೇಲೆ ತಟ್ಟೆ ಮೂಡಿ ವ್ಯಾಕ್ಯೂಮ್ ಇನ್ನೂ ಎಳೆಯುತ್ತಿರುವಾಗಲೇ ಮೇಲಿನಿಂದ ಸಿಂಪಡಿಸುತ್ತೇವೆ. 20 ಗ್ರಾಂ ತಟ್ಟೆಗೆ ಸುಮಾರು 120 ಮಿಲಿ ಸಾಕು. ಒಣ ಲೆಕ್ಕದಲ್ಲಿ ಅದು ಒಂದು ಗ್ರಾಂಗಿಂತ ತುಸು ಹೆಚ್ಚು. ಇಡೀ ಪಲ್ಪನ್ನೇ ಅಷ್ಟು ನುಣ್ಣಗೆ ಮಾಡಿದರೂ ಎಣ್ಣೆ ನಿಲ್ಲುತ್ತದೆ, ಆದರೆ ನೀರು ಬಸಿಯಲು ಮೂರು ಪಟ್ಟು ಹೊತ್ತು ಹಿಡಿದು ಯಂತ್ರ ಕೂತು ತಿನ್ನುತ್ತದೆ.

ಸಿಂಪಡಿಸುವ ಗಳಿಗೆಯೇ ನಿರ್ಣಾಯಕ. ಹಸಿ ತಟ್ಟೆಯ ಮೇಲಿನ ನೀರಿನ ಹೊಳಪು ಮಾಯವಾಗುತ್ತಿದ್ದಂತೆ ಬೀಳಬೇಕು. ಮುಂಚೆ ಬಿದ್ದರೆ ನುಣ್ಣನೆಯ ನಾರು ಒಳಗಿನ ಸಂದುಗಳಿಗೆ ಇಳಿದು ಮೇಲೆ ಏನೂ ಉಳಿಯುವುದಿಲ್ಲ. ತಡವಾದರೆ ಪದರ ಬೆಸೆಯದೆ ಪ್ರೆಸ್‌ನಲ್ಲಿ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಎರಡನೆಯ ತೊಟ್ಟಿಗೆ ಇನ್ನೊಂದು ಪುಡಿಯನ್ನೂ ಸೇರಿಸುತ್ತೇವೆ. ಸಸ್ಯಮೂಲದ್ದು, ಆಹಾರಕ್ಕೆ ಬಳಸುವಂಥದ್ದು ಎಂಬಷ್ಟು ಹೇಳಬಹುದು. ಅದರ ಹೆಸರು, ನಾಜಲ್‌ನ ಅಳತೆ ನಮ್ಮಲ್ಲೇ ಇರಲಿ.

ಸೋರಿದ ತಟ್ಟೆಗಳನ್ನು ಬೆಳಕಿಗೆ ಹಿಡಿದರೆ ಹೆಚ್ಚಿನವುಗಳಲ್ಲಿ ಸಿಗುತ್ತಿದ್ದುದು ಬೆಂಡಿನ, ಅಂದರೆ ಕಬ್ಬಿನ ಒಳಗಿನ ಮೆತ್ತನೆಯ ತಿರುಳಿನ, ತುಣುಕು. ಕಬ್ಬಿನ ಸಿಪ್ಪೆಯ ಒಣ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಬೆಂಡೇ. ಅದು ಪೂರ್ತಿ ಹೋಗದಿದ್ದರೆ ಆ ಜಾಗದಲ್ಲಿ ಸೂಜಿರಂಧ್ರ ಬೀಳುತ್ತದೆ, ಅಲ್ಲಿಂದಲೇ ಎಣ್ಣೆ ಇಳಿಯುತ್ತದೆ. ಬೆಂಡು ಉಳಿದ ಪಲ್ಪ್‌ನ ಎಸ್‌ಆರ್ ಹೆಚ್ಚಿರುತ್ತದೆ, ಅದಕ್ಕೇ ಕೊಂಡು ತಂದ ಪಲ್ಪ್ ರಿಫೈನರ್‌ಗೆ ಹೋಗುವ ಮೊದಲೇ ಎಸ್‌ಆರ್ 25 ದಾಟಿದ್ದರೆ ನಾವು ಲೋಡ್ ಇಳಿಸಿಕೊಳ್ಳುವುದೇ ಇಲ್ಲ.

ಎಕೆಡಿ ಬಗ್ಗೆ ಎರಡೇ ಮಾತು. ಪಿಎಚ್ 7.5ರಿಂದ 8.5ರ ನಡುವೆ ಇರಲಿ, ಡಬ್ಬಿ ತಂಪಿನಲ್ಲಿರಲಿ. ಮರುಬಳಕೆಯ ನೀರಿನಲ್ಲಿ ನೊರೆ ಹೆಚ್ಚಿ ತಟ್ಟೆ ನೀರು ಕುಡಿಯತೊಡಗಿದರೆ ಎಕೆಡಿ ಹೆಚ್ಚಿಸಬೇಡಿ. ನೀರಿನಲ್ಲಿ ಸೇರಿರುವ ಕಸವೇ ಅದನ್ನು ತಿನ್ನುತ್ತಿರುತ್ತದೆ, ಒಂದು ಪಾಲು ನೀರು ಬದಲಿಸಿ. ಪ್ರೆಸ್‌ನಿಂದ ಬಂದ ತಕ್ಷಣ ಪರೀಕ್ಷಿಸಿ ಬ್ಯಾಚ್ ಎಸೆಯುವುದೂ ತಪ್ಪು. ಒಂದು ದಿನ ಕಳೆದ ಮೇಲಷ್ಟೇ ಅದರ ಪೂರ್ತಿ ಬಲ ಗೊತ್ತಾಗುವುದು.

ಹಾಟ್ ಪ್ರೆಸ್‌ನಲ್ಲಿ ಹೆಚ್ಚು ಬ್ಯಾಚ್ ಹೋದದ್ದು ಗುಳ್ಳೆಯಿಂದ. ನುಣ್ಣನೆಯ ಪದರ ಹಬೆಯನ್ನೂ ತಡೆಯುತ್ತದೆ. ಆದ್ದರಿಂದ ಆ ಮುಖ ನಯವಾದ ಅಚ್ಚಿನ ಕಡೆ, ಹಬೆ ಹೊರಹೋಗುವ ಜಾಲರಿ ತಳದ ಕಡೆ ಇರಬೇಕು. 170 ಡಿಗ್ರಿ ಆಸುಪಾಸಿನಲ್ಲಿ ಮೊದಲ ಐದಾರು ಸೆಕೆಂಡ್ ಹಗುರ ಒತ್ತಡ, ಆಮೇಲೆ ಒಮ್ಮೆ ಕೂದಲೆಳೆಯಷ್ಟು ತೆರೆದು ಉಸಿರು ಬಿಡಿಸಿ, ನಂತರ ಪೂರ್ಣ ಒತ್ತಡ. ತೇವ ಶೇ. 6ಕ್ಕೆ ಇಳಿಯುವ ಮೊದಲೇ ತೆಗೆದರೆ ಅಂಚು ಒಳಕ್ಕೆ ಮುದುಡುತ್ತದೆ. ಗೋಡೆ ತೀರಾ ನೇರವಿರುವ ಡಬ್ಬಿಗಳ ಮೂಲೆಯಲ್ಲಿ ಪದರ ಈಗಲೂ ಸೀಳುತ್ತದೆ, ಅವಕ್ಕೆ ಈ ವಿಧಾನ ಬೇಡ.

ಇನ್ನು ದುಡ್ಡು. ನಮ್ಮಲ್ಲಿ ಪಲ್ಪ್ ಬಿಟ್ಟರೆ ದೊಡ್ಡ ಖರ್ಚು ಶಾಖದ್ದೇ. ವ್ಯಾಕ್ಯೂಮ್ ಮುಗಿದಾಗ ತೇವ ಶೇ. 72 ಇದ್ದರೆ ಕೆಜಿ ಒಣ ನಾರಿಗೆ ಸುಮಾರು 2.6 ಕೆಜಿ ನೀರನ್ನು ಆವಿ ಮಾಡಬೇಕು. ನಡುವೆ ಒಂದು ಕೋಲ್ಡ್ ಪ್ರೆಸ್ ಹಾಕಿ ಶೇ. 66ಕ್ಕೆ ಇಳಿಸಿದರೆ 1.9 ಕೆಜಿ ಸಾಕು, ಕಾಲು ಭಾಗ ಶಾಖ ಉಳಿಯಿತು. ರಿಫೈನರ್‌ನ ಹೆಚ್ಚುವರಿ ವಿದ್ಯುತ್ತು ಈ ಉಳಿತಾಯದಲ್ಲೇ ಮುಚ್ಚಿಹೋಗಿ ಮಿಕ್ಕಿತು. ಫ್ಲೋರಿನ್ ರಾಸಾಯನಿಕದ ಬಿಲ್ ನಿಂತದ್ದು ಪೂರ್ತಿ ಲಾಭ. ಅಂಚು ಕತ್ತರಿಸಿದ ಚೂರನ್ನು ಮರಳಿ ಪಲ್ಪರ್‌ಗೆ (ನಾರನ್ನು ನೀರಿನಲ್ಲಿ ಬಿಡಿಸುವ ಯಂತ್ರ) ಹಾಕುವುದಾದರೆ ಬಿಸಿನೀರು ಬೇಕು. ಎಕೆಡಿ ಕುಡಿದ ಚೂರು ತಣ್ಣೀರಿಗೆ ಬಿಚ್ಚಿಕೊಳ್ಳದೆ ಗಂಟಾಗಿ ಉಳಿಯುತ್ತದೆ. ಶೇ. 10ಕ್ಕಿಂತ ಹೆಚ್ಚು ನಾವು ಹಾಕುವುದಿಲ್ಲ.

ನಡುವೆ ಭತ್ತದ ಹುಲ್ಲಿನ ಪಲ್ಪನ್ನೂ ಬೆರೆಸಿ ನೋಡಿದೆವು. ಮುಖ ನಯವಾಗಿ ಬಂತು, ಆದರೆ ಅದರ ಸಿಲಿಕಾ ಜಾಲರಿಯನ್ನು ಬೇಗ ಸವೆಸಿತು, ಬಸಿಯುವುದೂ ನಿಧಾನ. ಜೇನುಮೇಣ ಎಣ್ಣೆಯನ್ನು ತಣ್ಣಗಿರುವಾಗ ತಡೆಯಿತು, ಬಿಸಿಗೆ ಕರಗಿ ಅದರೊಳಗೇ ಸೇರಿತು. ತೆಗೆದ ಬೆಂಡು ಬಾಯ್ಲರ್‌ಗೆ ಹೋಗುವುದೇ ಲೇಸು.

ಗೊಬ್ಬರದ ಗುಂಡಿಯಲ್ಲೂ ಹಾಕಿ ನೋಡಿದ್ದೇವೆ. ನುಣ್ಣನೆಯ ಪದರವಿರುವ ತಟ್ಟೆ ಕೊಳೆಯಲು ಹಳೆಯದಕ್ಕಿಂತ ಒಂದೆರಡು ವಾರ ಹೆಚ್ಚು ಬೇಕು. ಕೈಯಗಲಕ್ಕೆ ಹರಿದು, ನೆನೆಸಿ, ಸಗಣಿಯೋ ಹಸಿರು ಸೊಪ್ಪೋ ಬೆರೆಸಿ 58 ಡಿಗ್ರಿ ಆಸುಪಾಸಿನ ರಾಶಿಗೆ ಹಾಕಿದರೆ ಎರಡು ತಿಂಗಳೊಳಗೆ ಗುರುತು ಸಿಗುವುದಿಲ್ಲ. ಬಿಸಿಯೇರದ ಸಣ್ಣ ಗುಂಡಿಯಲ್ಲಿ ಅರ್ಧ ವರ್ಷವೂ ಹಿಡಿಯಬಹುದು, ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.