ಪ್ರಿಂಟ್ ಬರ್ತಿಲ್ವಾ? ಮೊದಲು ಕಾಪಿ ಬಟನ್ ಒತ್ತಿ

ಚಿಕ್ಕಮಗಳೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಮಳೆಗಾಲ ಅಂದರೆ ಪ್ರಿಂಟರ್ ರಿಪೇರಿಯ ಕಾಲ. ಜೂನ್ ಬಂತೆಂದರೆ ಸಾಕು, ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯಿಂದೆಲ್ಲ ಪ್ಲಾಸ್ಟಿಕ್ ಸುತ್ತಿಕೊಂಡು ಇಂಕ್‌ಜೆಟ್ ಪ್ರಿಂಟರ್ ತರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಇಂಕ್ ಖಾಲಿ ಆಗಿದೆಯೇನೋ ನೋಡಿ." ನಾನು ಮೊದಲಿಗೆ ಇಂಕಿನ ತಂಟೆಗೇ ಹೋಗುವುದಿಲ್ಲ. ಕಂಪ್ಯೂಟರಿನ ಕೇಬಲ್ ಕಿತ್ತು ಬದಿಗಿಟ್ಟು, ಸ್ಕ್ಯಾನರ್ ಗಾಜಿನ ಮೇಲೆ ಅಕ್ಷರ ಇರುವ ಯಾವುದಾದರೂ ಹಾಳೆ ಇಟ್ಟು, ಕಾಪಿ ಬಟನ್ ಒತ್ತುತ್ತೇನೆ.

ಕಾಪಿ ಚೆನ್ನಾಗಿ ಬಂತೋ, ಇಂಕು, ಹಾಳೆಗೆ ಇಂಕ್ ಸಿಂಪಡಿಸುವ ಹೆಡ್ಡು, ಹಾಳೆ ಎಳೆಯುವ ರೋಲರ್ ಎಲ್ಲ ಸರಿ ಇದೆ ಅಂತ ಅರ್ಥ. ತಕರಾರು ಇರುವುದು ಕಂಪ್ಯೂಟರಿನಲ್ಲಿ, ಇಲ್ಲಾ ವೈಫೈನಲ್ಲಿ. ಕಾಪಿಯೂ ಬರಲಿಲ್ಲವೋ, ತಕರಾರು ಯಂತ್ರದೊಳಗೆ. ಇಷ್ಟನ್ನು ತಿಳಿಯದೆ, ಇಂಕ್ ಎಳೆದು ಹೆಡ್ ಚೊಕ್ಕ ಮಾಡುವ 'ಹೆಡ್ ಕ್ಲೀನಿಂಗ್' ಕೊಡುತ್ತಾ ಹೋದರೆ ದುಡ್ಡು ಕೊಟ್ಟು ತಂದ ಇಂಕ್ ಸುಮ್ನೆ ಯಂತ್ರದ ತಳದ ಪ್ಯಾಡಿಗೆ ಹೋಗಿ ಸೇರುತ್ತದೆ. ಆ ಪ್ಯಾಡ್ ತುಂಬಿತು ಅಂತ ಯಂತ್ರಕ್ಕೆ ಲೆಕ್ಕ ಸಿಕ್ಕರೆ ಪ್ರಿಂಟರ್ ಪೂರ್ತಿ ನಿಂತುಬಿಡುತ್ತದೆ.

ಕಂಪ್ಯೂಟರ್ ಕಡೆಯದು ಬೇಗ ಮುಗಿಯುವ ಕೆಲಸ. ಡಿಫಾಲ್ಟ್ ಪ್ರಿಂಟರ್, ಅಂದರೆ ಕಂಪ್ಯೂಟರ್ ತಾನಾಗಿ ಆರಿಸಿಕೊಳ್ಳುವ ಪ್ರಿಂಟರ್, ಯಾವುದಿದೆ ನೋಡಿ. ಎಷ್ಟೋ ಸಲ ಅಲ್ಲಿ ಪಿಡಿಎಫ್ ಮಾಡುವ ಪ್ರಿಂಟರ್ ಕೂತಿರುತ್ತದೆ. 'ಯೂಸ್ ಪ್ರಿಂಟರ್ ಆಫ್‌ಲೈನ್' ಅನ್ನುವುದಕ್ಕೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಪ್ರಿಂಟಿಗೆ ಕಾಯುವ ಫೈಲುಗಳ ಕ್ಯೂನಲ್ಲಿ ಹಳೇ ಫೈಲ್ ಸಿಕ್ಕಿಕೊಂಡು ಡಿಲೀಟೂ ಆಗುತ್ತಿಲ್ಲವೆಂದರೆ ವಿಂಡೋಸ್‌ನ ಸರ್ವೀಸಸ್‌ಗೆ ಹೋಗಿ, ಆ ಕ್ಯೂ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ನಿಲ್ಲಿಸಬೇಕು. ಆಮೇಲೆ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರಿನಲ್ಲಿ ಇರುವ ಫೈಲುಗಳನ್ನು ಅಳಿಸಿ ಸ್ಪೂಲರ್ ಮತ್ತೆ ಶುರು ಮಾಡಿದರೆ ಆಯಿತು. ನಮ್ಮ ಕಡೆ ಇನ್ನೊಂದು ಕಾಟ ಇದೆ. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೇ ವಿಳಾಸಕ್ಕೇ ಕಳಿಸುತ್ತಾ ಕೂತಿರುತ್ತದೆ. ರೂಟರ್ ಸೆಟ್ಟಿಂಗಿನಲ್ಲಿ ಆ ಪ್ರಿಂಟರಿಗೆ ಒಂದೇ ವಿಳಾಸ ಗೊತ್ತು ಮಾಡಿಟ್ಟರೆ ಈ ರಗಳೆ ಇಲ್ಲ. ಅದು ಕಷ್ಟ ಅನಿಸಿದರೆ ಯುಎಸ್‌ಬಿ ಕೇಬಲ್ ಹಾಕಿ.

ಯಂತ್ರದೊಳಗಿನ ತಕರಾರಿಗೆ ಮಾತ್ರ ತಾಳ್ಮೆ ಬೇಕು. ಹೋದ ಮಳೆಗಾಲದಲ್ಲಿ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಇಂಕ್ ಟ್ಯಾಂಕ್ ಪ್ರಿಂಟರ್ ಹಿಡಿದುಕೊಂಡು ಬಂದರು. ಮಾರನೇ ದಿನ ಬಟವಾಡೆ, ಕೂಲಿ ಪಟ್ಟಿ ಪ್ರಿಂಟ್ ಆಗಲೇಬೇಕು.

"ಅಣ್ಣಾ, ಹಾಳೆ ಬೆಳ್ಳಗೇ ಬರ್ತಿದೆ. ಕ್ಲೀನಿಂಗ್ ಕೊಟ್ಟೂ ಕೊಟ್ಟೂ ಸಾಕಾಯ್ತು."

ಟ್ಯಾಂಕುಗಳಲ್ಲಿ ಇಂಕ್ ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಹೆಡ್ಡಿನಲ್ಲಿ ಇಂಕ್ ಬರುವ ತೂತುಗಳು ಸರಿ ಇವೆಯೇ ಅಂತ ತೋರಿಸುವ ನಾಝಲ್ ಚೆಕ್ ಹಾಳೆ ತೆಗೆದೆ. ಹಳದಿ, ನೀಲಿ, ಗುಲಾಬಿ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಕಪ್ಪಿನ ಜಾಗದಲ್ಲಿ ಮೂಲೆಯಲ್ಲಿ ಎರಡು ಚಿಕ್ಕ ಗೀಟು, ಅಷ್ಟೇ. ಈ ಹಾಳೆಯನ್ನು ನಾನು ಎಸೆಯುವುದಿಲ್ಲ, ಮೇಲೆ ಒಂದು ಅಂತ ಬರೆದು ಇಟ್ಟುಕೊಳ್ಳುತ್ತೇನೆ. ಮುಂದಿನ ಹಾಳೆಯಲ್ಲಿ ಅದೇ ಜಾಗದಲ್ಲಿ ಗೆರೆ ತುಂಡಾಗಿದೆಯೋ ಬೇರೆ ಕಡೆಯೋ ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ಜಾಗ ಬದಲಾಗುತ್ತಿದ್ದರೆ ಪೈಪಿಗೋ ಹೆಡ್ಡಿಗೋ ಗಾಳಿ ಸೇರಿರುತ್ತದೆ. ಅದೇ ಜಾಗದಲ್ಲಿ ಇದ್ದರೆ ಇಂಕ್ ಒಣಗಿ ತೂತು ಕಟ್ಟಿಕೊಂಡಿರುವುದೇ ಜಾಸ್ತಿ. ಈ ತೂತುಗಳು ತಲೆಕೂದಲಿಗಿಂತ ಸಣ್ಣ, ಕಟ್ಟಿಕೊಳ್ಳಲು ಎಷ್ಟು ಹೊತ್ತು?

"ಕೆಲಸ ಮುಗಿದ ಮೇಲೆ ಹೇಗೆ ಆಫ್ ಮಾಡ್ತೀರಿ?" ಅಂತ ಕೇಳಿದೆ.

"ಗೋಡೆ ಸ್ವಿಚ್ಚೇ ಆಫ್ ಮಾಡ್ತೀವಣ್ಣಾ. ಸಿಡಿಲಿನ ಭಯ ಅಲ್ವಾ?"

ಅಲ್ಲೇ ಇತ್ತು ವಿಷಯ. ಪ್ರಿಂಟರಿನ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಬಲಗಡೆಯ ಮೂಲೆಗೆ ಹೋಗಿ ಒಂದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಆ ಮುಚ್ಚಳ ತೂತುಗಳು ಒಣಗದ ಹಾಗೆ ಕಾಪಾಡುತ್ತದೆ. ಪ್ರಿಂಟ್ ಆಗುವಾಗಲೋ ಆದ ತಕ್ಷಣವೋ ಗೋಡೆ ಸ್ವಿಚ್ ಆರಿಸಿದರೆ ಹೆಡ್ ನಡುದಾರಿಯಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಸಿಡಿಲಿಗೆ ಪ್ಲಗ್ ಕಿತ್ತಿಡುವುದು ಸರಿಯೇ. ಆದರೆ ಮೊದಲು ಬಟನ್ ಒತ್ತಿ, ಲೈಟ್ ಪೂರ್ತಿ ಆರಿದ ಮೇಲೆ ಕೀಳಬೇಕು.

ಹೆಡ್ಡನ್ನು ಪಕ್ಕಕ್ಕೆ ಜರುಗಿಸಿ ಟಾರ್ಚ್ ಬಿಟ್ಟು ನೋಡಿದೆ. ರಬ್ಬರ್ ಚೌಕಟ್ಟಿನ ಅಂಚಿಗೆಲ್ಲ ಕಪ್ಪು ಇಂಕ್ ಗಟ್ಟಿ ಕೆನೆಯ ಹಾಗೆ ಅಂಟಿತ್ತು. ಅಂಚು ಹೀಗಿದ್ದರೆ ಮುಚ್ಚಳ ಹೆಡ್ಡಿಗೆ ಬಿಗಿಯಾಗಿ ಕೂರುವುದಿಲ್ಲ. ಬಿಗಿ ಇಲ್ಲದಿದ್ದರೆ ಕ್ಲೀನಿಂಗ್ ಕೊಟ್ಟಾಗ ಪಂಪು ಇಂಕ್ ಎಳೆಯುವುದಿಲ್ಲ, ಬರೀ ಗಾಳಿ ಎಳೆಯುತ್ತದೆ. ಅವರು ಕೊಟ್ಟ ಕ್ಲೀನಿಂಗ್ ಯಾವುದೂ ಹತ್ತದೆ ಹೋಗಿದ್ದು ಇದಕ್ಕೇ. ನೂಲು ಬಿಡದ ಬಟ್ಟೆಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಅಂಚು ಒರೆಸಿದೆ. ನಲ್ಲಿ ನೀರು ಬೇಡ, ಅದರಲ್ಲಿರುವ ಲವಣ ತೂತಿನಲ್ಲೇ ಉಳಿಯುತ್ತದೆ. ಒಳಗಿನ ಸ್ಪಂಜಿಗೆ ಅದೇ ನೀರು ನಾಲ್ಕು ಹನಿ ಬಿಟ್ಟು, ಹೆಡ್ಡನ್ನು ಅದರ ಮೇಲೆ ಕೂರಿಸಿ, ರಾತ್ರಿಯಿಡೀ ಹಾಗೇ ಬಿಟ್ಟೆ. ಬಟವಾಡೆ ಪಟ್ಟಿಯನ್ನು ನನ್ನ ಲೇಸರ್ ಪ್ರಿಂಟರಿನಲ್ಲಿ ತೆಗೆದುಕೊಟ್ಟು ರೈಟರನ್ನು ಕಳಿಸಿದೆ.

ಈ ಕಾಯುವಿಕೆಯನ್ನು ಯಾರೂ ಇಷ್ಟಪಡುವುದಿಲ್ಲ. ಆದರೆ ಒಣಗಿದ ಇಂಕ್ ನೆನೆಯಲು, ಗಾಳಿಗುಳ್ಳೆ ಮೇಲೆ ಹೋಗಲು ಹೊತ್ತು ಬೇಕೇ ಬೇಕು. ಬೆಳಿಗ್ಗೆ ಒಂದೇ ಒಂದು ಕ್ಲೀನಿಂಗ್ ಕೊಟ್ಟು ನಾಝಲ್ ಚೆಕ್ ತೆಗೆದೆ. ಬಣ್ಣದ ಗೆರೆಗಳೆಲ್ಲ ಪೂರ್ತಿ ಬಂದಿದ್ದವು, ಕಪ್ಪಿನಲ್ಲಿ ಸ್ವಲ್ಪ ತುಂಡು ಉಳಿದಿತ್ತು. ಸಂಜೆ ಇನ್ನೊಂದು ಕೊಟ್ಟ ಮೇಲೆ ಅದೂ ಕೂಡಿಕೊಂಡಿತು.

ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಪ್ರಿಂಟರುಗಳಲ್ಲಿ ಇಷ್ಟು ಕಷ್ಟವಿಲ್ಲ. ಕಾರ್ಟ್ರಿಜ್ ತೆಗೆದು, ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಬಟ್ಟೆಯ ಮೇಲೆ ತೂತಿನ ಕಡೆಯನ್ನು ಎರಡು ನಿಮಿಷ ಒತ್ತಿಡಿ. ತಾಮ್ರದ ಬಿಂದುಗಳಿಗೆ ಮಾತ್ರ ಬೆರಳು ತಾಗಿಸಬೇಡಿ.

ರೈಟರ್ ಪ್ರಿಂಟರ್ ಒಯ್ಯಲು ಬಂದಾಗ ವಾರಕ್ಕೊಮ್ಮೆ ನಾಲ್ಕೂ ಬಣ್ಣ ಬರುವ ಒಂದು ಹಾಳೆ ತೆಗೆಯಲು ಹೇಳಿದೆ, ಕೆಲಸ ಇರಲಿ ಬಿಡಲಿ. ಇಷ್ಟೆಲ್ಲ ಮಾಡಿಯೂ ಎಲ್ಲಾ ಹಾಳೆಯಲ್ಲೂ ಅದೇ ಜಾಗದಲ್ಲಿ ಗೆರೆ ತುಂಡಾಗುತ್ತಿದ್ದರೆ ಹೆಡ್ಡೇ ಕೆಟ್ಟಿರಬಹುದು. ಆಗ ಇಂಕ್ ಸುರಿಯುವುದನ್ನು ನಿಲ್ಲಿಸಿ, ಹೊಸ ಹೆಡ್ಡಿಗೆ ಎಷ್ಟಾಗುತ್ತದೆ, ಹೊಸ ಪ್ರಿಂಟರಿಗೆ ಎಷ್ಟಾಗುತ್ತದೆ ಅಂತ ಎರಡನ್ನೂ ವಿಚಾರಿಸಿ.