ಹಿತ್ತಲ ಹಿಕರಿ ಮರದ ಗುರುತು ಹಿಡಿದದ್ದು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರೋ ನಮ್ಮ ಮನೆ ಹಿತ್ತಲಲ್ಲಿ ಒಂದು ಎತ್ತರದ ಮರ ಇದೆ. ಮರ ಕಡಿಯುವವರೊಬ್ಬರು ನೋಡಿ, "ಇದು ಆಶ್ ಮರ, ಇವತ್ತಲ್ಲ ನಾಳೆ ದುಂಬಿ ಹತ್ತುತ್ತೆ, ತೆಗೆಸಿಬಿಡಿ" ಅಂದರು. ಆಶ್ ಮರಗಳನ್ನು ಸಾಯಿಸುವ ಹಸಿರು ದುಂಬಿ 2007ರಲ್ಲೇ ನಮ್ಮ ರಾಜ್ಯದಲ್ಲಿ ಕಂಡಿತ್ತು. ಆದರೂ ಹೆಸರು ಗೊತ್ತಾಗದೆ ಕಡಿಸೋಕೆ ಮನಸ್ಸಾಗಲಿಲ್ಲ.

ಮೊದಲು ಎಲೆ ನೋಡಿದೆ. ಹೊಂಗೆಯ ಹಾಗೆ ಒಂದೇ ಕಡ್ಡಿಗೆ ಹಲವು ಕಿರಿ ಎಲೆಗಳು, ತುದಿಯಲ್ಲೊಂದು. ಆಶ್ ಎಲೆಯೂ ಹೀಗೇ. ಆದರೆ ಆಶ್‌ನಲ್ಲಿ ಇಡೀ ಎಲೆಗಳು ರೆಂಬೆಯ ಮೇಲೆ ಎದುರುಬದುರಾಗಿ ಹುಟ್ಟುತ್ತವೆ. ಇಲ್ಲಿ ಒಂದು ಎಡಕ್ಕೆ, ಇನ್ನೊಂದು ಸ್ವಲ್ಪ ಮೇಲೆ ಬಲಕ್ಕೆ. ಕಿರಿ ಎಲೆಗಳನ್ನು ನೋಡಿ ಮೋಸ ಹೋಗಬಾರದು, ಅವು ಎರಡರಲ್ಲೂ ಜೋಡಿಯೇ. ಕಡ್ಡಿಯ ಬುಡದಲ್ಲಿ ಮೊಗ್ಗು ಇರೋ ಕಡೆಯಿಂದ ತುದಿಯವರೆಗೂ ಸೇರಿ ಒಂದು ಎಲೆ.

ಸರಿ, ಆಶ್ ಅಲ್ಲ. ಕಪ್ಪು ಅಕ್ರೋಟು ಇರಬಹುದಾ? ಅಥವಾ ಅದೇ ಕುಟುಂಬದ, ಅದರ ಹಾಗೇ ಚಿಪ್ಪಿರೋ ಕಾಯಿ ಬಿಡುವ ಹಿಕರಿ ಮರವಾ? ಒಂದು ಎಳೆ ರೆಂಬೆಯನ್ನು ಉದ್ದಕ್ಕೆ ಸೀಳಿದೆ. ಅಕ್ರೋಟಾಗಿದ್ದರೆ ಒಳಗಿನ ಬೆಂಡು ಏಣಿ ಮೆಟ್ಟಿಲ ಹಾಗೆ ನಡುನಡುವೆ ಟೊಳ್ಳಾಗಿರುತ್ತೆ. ಇದು ತುಂಬಿಕೊಂಡಿತ್ತು. ಹಿಕರಿ!

ಹಿಕರಿಯಲ್ಲಿ ಶ್ಯಾಗ್‌ಬಾರ್ಕ್, ಪಿಗ್‌ನಟ್, ಬಿಟರ್‌ನಟ್ ಅಂತ ಹಲವು ಜಾತಿ, ಇದು ಯಾವುದು ಅನ್ನೋದೇ ಕಷ್ಟ. ಕಿರಿ ಎಲೆ ಎಣಿಸಿದೆ. ಒಂದರಲ್ಲಿ 7, ಪಕ್ಕದ್ದರಲ್ಲಿ 9. ಶ್ಯಾಗ್‌ಬಾರ್ಕ್‌ಗೆ ಸಾಮಾನ್ಯವಾಗಿ 5, ಪಿಗ್‌ನಟ್‌ಗೆ 5 ಅಥವಾ 7. ಆದರೆ ಒಂದೇ ಮರದ ಎಲೆಗಳು ಒಂದೇ ಲೆಕ್ಕ ಕೊಡದಿದ್ದಾಗ ಬರೀ ಎಣಿಕೆಯನ್ನು ನಂಬೋದು ಹೇಗೆ? ಹಾಗಾಗಿ ಎಲೆ ಉದುರೋವರೆಗೂ ಕಾದೆ.

ನವೆಂಬರಿನಲ್ಲಿ ಒಂದು ತಗ್ಗಿನ ರೆಂಬೆ ಬಗ್ಗಿಸಿದೆ. ತುದಿಯ ಮೊಗ್ಗು ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು! ಸಣ್ಣಗೆ, ಉದ್ದಕ್ಕೆ, ಸ್ವಲ್ಪ ಚಪ್ಪಟೆ. ಹತ್ತಿರದ ಕಾಡಿನ ಶ್ಯಾಗ್‌ಬಾರ್ಕ್‌ನ ಮೊಗ್ಗು ದಪ್ಪ, ಕಂದು, ಹೊರಗಿನ ಪದರ ಬಿಟ್ಟುಕೊಂಡಿರುತ್ತೆ. ಈ ಹಳದಿ ನಮ್ಮ ಕಡೆಯ ಕಾಡಿನಲ್ಲಿ ಬಿಟರ್‌ನಟ್ ಹಿಕರಿಗೆ ಮಾತ್ರ. ಚಳಿಗಾಲವಿಡೀ ಹಾಗೇ ಇರುತ್ತೆ. ಎಲೆಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

ಆಮೇಲೆ ಬುಡದಲ್ಲಿ ಬಿದ್ದಿದ್ದ ಕಾಯಿ ಹುಡುಕಿದೆ. ಹೊರಸಿಪ್ಪೆ ತೆಳು. ತುದಿಯಿಂದ ಅರ್ಧದವರೆಗೆ ನಾಲ್ಕು ಏಣುಗಳು ರೆಕ್ಕೆಯ ಹಾಗೆ ಎದ್ದಿದ್ದವು. ಶ್ಯಾಗ್‌ಬಾರ್ಕ್ ಕಾಯಿಯ ಸಿಪ್ಪೆ ದಪ್ಪ, ಬುಡದವರೆಗೂ ನಾಲ್ಕು ಹೋಳಾಗುತ್ತೆ. ಚಿಪ್ಪು ಸಲೀಸಾಗಿ ಒಡೆಯಿತು. ತಿರುಳನ್ನು ನಾಲಿಗೆ ಮೇಲಿಟ್ಟೆ. ಮೊದಲು ಏನೂ ಅನ್ನಿಸಲಿಲ್ಲ, ಆಮೇಲೆ ಹಸಿ ಅಡಿಕೆಯ ಹಾಗೆ ಒಗರು, ಅದರ ಹಿಂದೆಯೇ ಕಹಿ. ತಕ್ಷಣ ಉಗಿದೆ. ಶ್ಯಾಗ್‌ಬಾರ್ಕ್‌ನದಾದರೆ ಸಿಹಿಯಾಗಿ, ತಿನ್ನೋಕೆ ಚೆನ್ನಾಗಿರುತ್ತೆ.

ಆಶ್ ಕೊಲ್ಲುವ ದುಂಬಿ ಹಿಕರಿಯ ತಂಟೆಗೆ ಬರೋದಿಲ್ಲ. ಕಡಿಯುವವರಿಗೆ ಫೋನ್ ಮಾಡಿ ಬೇಡ ಅಂದೆ. ಮರ ಅಲ್ಲೇ ಇದೆ. ಈ ವಾರ ಆ ಹಳದಿ ಮೊಗ್ಗುಗಳು ಬಿರಿಯೋಕೆ ಶುರುವಾಗಿವೆ.