ಒಗರು ಕಡಿಮೆಯಿರುವ ಕೆಂಪು ವೈನ್ ಬೇಕೆನ್ನುವವರಿಗೆ

ಕೆಂಪು ವೈನ್ ಬಾಯಲ್ಲಿ ಒಗರೆನಿಸಲು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಇಳಿಯುವ ಟ್ಯಾನಿನ್ ಕಾರಣವಾದ್ದರಿಂದ, ಊಟವಿಲ್ಲದೆ ನಿಧಾನವಾಗಿ ಹೀರಲು ಬಾಟಲಿ ಆರಿಸುವವರು ಬೆಲೆಗಿಂತ ಮೊದಲು ದ್ರಾಕ್ಷಿಯ ತಳಿಯನ್ನು ನೋಡಬೇಕು. ನನ್ನ ಮೊದಲ ಆಯ್ಕೆ ಫ್ರಾನ್ಸಿನ ಬೋಜೊಲೆ ಪ್ರದೇಶದಲ್ಲಿ ಗಾಮೆ ತಳಿಯಿಂದ ತಯಾರಾಗುವ ವೈನ್. ಅಲ್ಲಿ ಅನೇಕರು ಗೊಂಚಲುಗಳನ್ನು ಜಜ್ಜದೆ, ಇಡಿಯಾಗಿಯೇ, ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಹುದುಗಲು ಬಿಡುವುದರಿಂದ ಟ್ಯಾನಿನ್ ಕಡಿಮೆ ಇಳಿದು, ಚೆರ್ರಿ ಮತ್ತು ರಾಸ್ಪ್‌ಬೆರಿಯಂತಹ ಹಣ್ಣಿನ ರುಚಿ ಮುಂದಾಗುತ್ತದೆ. ಅದು ಸಿಗದಿದ್ದರೆ ಮೆರ್ಲೋ ತಳಿಯ ಚಿಲಿ ವೈನ್ ಒಳ್ಳೆಯದು. ಟ್ಯಾನಿನ್ ಹೆಚ್ಚಿರುವ ಕಬೆರ್ನೆ ಸೊವಿನ್ಯೋನ್ ತಳಿಯ ವೈನನ್ನು ದಯವಿಟ್ಟು ಮಾಂಸದೂಟಕ್ಕೆ ಮೀಸಲಿಡಿ. ಬೋಜೊಲೆಯನ್ನು 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುಡಿದರೆ ಚೆನ್ನಾಗಿರುವುದರಿಂದ, ನಮ್ಮ ಊರುಗಳ ಸೆಕೆಯಲ್ಲಿ ತೆರೆಯುವ ಮುನ್ನ ಬಾಟಲಿಯನ್ನು ಒಂದು ಗಂಟೆಯಾದರೂ ಫ್ರಿಜ್‌ನಲ್ಲಿಡಿ.